ಒಂದು ಅಡ್ಡಗೆರೆ, 62 ಮೂಟೆ ಈರುಳ್ಳಿ

ಬೆಳಗಿನ ಜಾವ 5 ಗಂಟೆ 20 ನಿಮಿಷಕ್ಕೆ ಫೋನ್ ಬಂತು. ಯಲಹಂಕ ನ್ಯೂಟೌನಿನಲ್ಲಿ ಆ ಹೊತ್ತಿಗೆ ಎದ್ದಿರುವವರು ಹಾಲು ಹಾಕುವ ಹುಡುಗರು ಮತ್ತು ಮಂಕಿಕ್ಯಾಪ್ ತೊಟ್ಟು ವಾಕಿಂಗ್ ಹೊರಟ ನಿವೃತ್ತರು, ಅಷ್ಟೇ. ಕರೆ ಮಾಡಿದ್ದು ಯಶವಂತಪುರ ಯಾರ್ಡಿನ ಈರುಳ್ಳಿ ಮಂಡಿಯೊಂದರ ಗುಮಾಸ್ತರು.

"ಸಾರ್, ನಿಮ್ಮ ಡಬ್ಬ ಎದ್ದೇಳ್ತಾನೇ ಇಲ್ಲ. ರಾತ್ರಿ ಮಳೆಗೆ ಕರೆಂಟ್ ಹೋಗಿತ್ತು, ಈಗ ಬಂದಿದೆ. ಲೈಟೇನೋ ಉರೀತಿದೆ, ತೂಕ ಮಾತ್ರ ಹೋಗ್ತಿಲ್ಲ."

"ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರಾ ಅಣ್ಣೋರೆ?"

"ಮೂರ್ ಸಲ ಮಾಡ್ದೆ. ಲಾರಿ ಬಂದು ನಿಂತೈತೆ. ಹಮಾಲ್ರು ಬೈತಾವ್ರೆ."

ಅವರು ಡಬ್ಬ ಎಂದದ್ದು ಅಂಗೈಯಗಲದ ಒಂದು ರಾಸ್ಪ್‌ಬೆರಿ ಪೈ ಕಂಪ್ಯೂಟರನ್ನು. ನಾನಾಗ ಹೆಬ್ಬಾಳದ ಕೆಂಪಾಪುರದಲ್ಲಿದ್ದ ಪುಟ್ಟ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದೆ. ತೂಕದ ಯಂತ್ರದಿಂದ ಕೇಬಲ್ ಒಂದು ಈ ಡಬ್ಬಕ್ಕೆ ಬರುತ್ತದೆ. ಮೂಟೆ ಏರಿದ ಕೂಡಲೇ ಯಂತ್ರ ತೋರಿಸುವ ಅಂಕಿಯನ್ನು ಡಬ್ಬ ಓದಿಕೊಂಡು ಇಂಟರ್ನೆಟ್ಟಿನಲ್ಲಿ ನಮ್ಮ ಸರ್ವರ್‌ಗೆ ದಾಟಿಸುತ್ತದೆ. ಅಲ್ಲಿಂದ ಅದು ಮಂಡಿಯ ಲೆಕ್ಕಕ್ಕೂ ಮಾಲು ತಂದ ರೈತರ ಮೊಬೈಲಿಗೂ ಹೋಗುತ್ತದೆ. ಹೀಗೆ ಒಳಗಿನದನ್ನು ಹೊರಕ್ಕೆ ದಾಟಿಸುವ ತಂತ್ರಾಂಶಕ್ಕೆ ಗೇಟ್‌ವೇ ಎನ್ನುತ್ತಾರೆ. ನೀವು ಮೊಬೈಲಿನಲ್ಲಿ ದುಡ್ಡು ಕಳಿಸುವಾಗ, ರೈಲು ಟಿಕೆಟ್ ಕಾಯ್ದಿರಿಸುವಾಗ, ಮಗುವಿನ ಶಾಲೆಯ ಫೀಸು ಕಟ್ಟುವಾಗ ಇಂಥ ಹತ್ತಾರು ಗೇಟ್‌ವೇಗಳನ್ನು ದಾಟಿರುತ್ತೀರಿ. ಅದು ಗಮನಕ್ಕೆ ಬರುವುದು ಬಾಗಿಲು ಮುಚ್ಚಿಕೊಂಡ ದಿನ ಮಾತ್ರ.

ಗೇಟ್‌ವೇ ಎಂದರೆ ಹೆಬ್ಬಾಗಿಲು. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಳೆಯ ಪೇಟೆಗೆ ಕೋಟೆ ಇದ್ದಾಗ ಉತ್ತರದ ಬಾಗಿಲನ್ನು ಯಲಹಂಕ ಬಾಗಿಲೆಂದೂ ಪೂರ್ವದ್ದನ್ನು ಹಲಸೂರು ಬಾಗಿಲೆಂದೂ ಕರೆಯುತ್ತಿದ್ದರು. 1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಪೇಟೆಗೆ ನುಗ್ಗಿದ್ದು ಹಲಸೂರು ಬಾಗಿಲಿನಿಂದ. ಕೋಟೆ ಗೋಡೆ ಹೋಯಿತು. ಹಲಸೂರು ಗೇಟ್ ಪೊಲೀಸ್ ಠಾಣೆಯ ಹೆಸರಲ್ಲಿ ಒಂದು ಬಾಗಿಲು ಉಳಿಯಿತು, ಮೈಸೂರು ಬ್ಯಾಂಕ್ ವೃತ್ತದ ಬಳಿಯ ಯಲಹಂಕ ಗೇಟ್ ಆಂಜನೇಯನ ಗುಡಿಯಲ್ಲಿ ಇನ್ನೊಂದು. ನನಗೆ ಹಿಡಿಸುವುದು ಆ ಹೆಸರಿಟ್ಟ ರೀತಿ. ಯಲಹಂಕ ಬಾಗಿಲು ಇರುವುದು ಯಲಹಂಕದಲ್ಲಲ್ಲ. ಇಲ್ಲಿಂದ ಹೊರಟರೆ ಯಲಹಂಕ ಸೇರುತ್ತೀರಿ ಎಂಬುದೇ ಅದರ ಹೆಸರು. ಬಾಗಿಲಿಗೆ ಮರ, ಕಬ್ಬಿಣ, ಚಿಲಕ ಇದ್ದರೆ ಸಾಲದು. ಯಾವ ದಾರಿಗೆ ತೆರೆದುಕೊಳ್ಳಬೇಕು, ಯಾರ ಮುದ್ರೆ ಕಂಡರೆ ಒಳಗೆ ಬಿಡಬೇಕು, ಎಷ್ಟು ಹೊತ್ತಿಗೆ ಮುಚ್ಚಬೇಕು ಎಂಬುದನ್ನು ಕಾವಲಿನವನಿಗೆ ಯಾರಾದರೂ ಹೇಳಿರಬೇಕು. ತಂತ್ರಾಂಶದಲ್ಲಿ ಈ ಹೇಳಿಕೊಟ್ಟ ಮಾತಿಗೆ ಕಾನ್ಫಿಗರೇಶನ್ ಎಂದು ಹೆಸರು. ಪುಸ್ತಕದ ಕನ್ನಡದಲ್ಲಿ ಸಂರಚನೆ ಎಂಬ ಪದವಿದೆ. ಕೆಲಸ ಮಾಡುವವರ ಬಾಯಲ್ಲಿ ಅದು ಬರೀ ಕಾನ್ಫಿಗ್.

ನಮ್ಮ ಡಬ್ಬಕ್ಕೆ ಬೇಕಿದ್ದುದು ನಾಲ್ಕೇ ಮಾತು. ತೂಕದ ಯಂತ್ರ ಯಾವ ಪೋರ್ಟಿಗೆ ಸಿಕ್ಕಿಸಿದೆ, ಸರ್ವರ್‌ನ ವಿಳಾಸವೇನು, ಈ ಮಂಡಿಯ ಸಂಖ್ಯೆ ಎಷ್ಟು, ಮತ್ತು ನಾನು ನಾನೇ ಎಂದು ಸರ್ವರ್‌ನ ಮುಂದೆ ಸಾಬೀತು ಮಾಡುವ ಗುಟ್ಟಿನ ಕೀ. ಎಲ್ಲ ಮಂಡಿಗಳಲ್ಲೂ ಓಡುವ ಪ್ರೋಗ್ರಾಂ ಒಂದೇ, ಈ ನಾಲ್ಕು ಸಾಲು ಮಾತ್ರ ಬೇರೆ. ಪ್ರೋಗ್ರಾಮಿನ ಒಳಗೆ ಇವನ್ನು ಬರೆಯಬಾರದು, ಹೊರಗಿನಿಂದ ಕೊಡಬೇಕು ಎಂಬುದು ಈಗ ಸರ್ವಮಾನ್ಯ ನಿಯಮ. ಹೆರೋಕು ಕಂಪನಿಯವರು 2011ರಲ್ಲಿ 'ಹನ್ನೆರಡು ಅಂಶಗಳ ಆ್ಯಪ್' ಎಂಬ ಹೆಸರಲ್ಲಿ ಪ್ರಕಟಿಸಿದ ಸೂತ್ರಗಳಲ್ಲಿ ಇದೂ ಒಂದು. ಕೀಯನ್ನು ಪ್ರೋಗ್ರಾಮಿನೊಳಗೇ ಬರೆದರೆ, ಪ್ರೋಗ್ರಾಂ ನೋಡಿದವರಿಗೆಲ್ಲ ಕೀ ಸಿಕ್ಕಂತೆ. ನಿಯಮ ಒಳ್ಳೆಯದೇ. ಆದರೆ ಅದಕ್ಕೊಂದು ಬಾಲವಿದೆ. ಪ್ರೋಗ್ರಾಮಿಗೆ ಹತ್ತು ಕಡೆ ನಕಲು ಇರುತ್ತದೆ, ಇತಿಹಾಸ ಇರುತ್ತದೆ, ಯಾರು ಯಾವಾಗ ಯಾವ ಸಾಲು ತಿದ್ದಿದರು ಎಂಬ ಲೆಕ್ಕವಿರುತ್ತದೆ. ಕಾನ್ಫಿಗ್‌ಗೆ ಇದ್ಯಾವುದೂ ಇಲ್ಲ. ಎಷ್ಟೋ ಕಡೆ ಅದರ ಏಕೈಕ ಪ್ರತಿ ಆ ಯಂತ್ರದಲ್ಲೇ ಇರುತ್ತದೆ, ಅದರ ವಿವರ ಯಾರದೋ ತಲೆಯಲ್ಲಿ ಇರುತ್ತದೆ, ಆ ತಲೆ ಕಂಪನಿ ಬದಲಿಸಿರುತ್ತದೆ.

ಫೋನ್ ಇಟ್ಟವನೇ ಹೊರಟೆ. ಎಂ.ಎಸ್. ಪಾಳ್ಯ, ಗಂಗಮ್ಮ ಸರ್ಕಲ್, ಬಿಇಎಲ್ ಸರ್ಕಲ್, ಗೊರಗುಂಟೆಪಾಳ್ಯ. ಬೆಳಗಿನ ಹೊತ್ತು, ದಾರಿ ಖಾಲಿ. ಜನ ಈಗಲೂ ಆರ್‌ಎಂಸಿ ಯಾರ್ಡ್ ಎನ್ನುವ ಆ ಮಾರುಕಟ್ಟೆಯೊಳಗೆ ಹೊಕ್ಕಾಗ ಬೆಳಕು ಹರಿದಿತ್ತು. ಆರ್.ಟಿ. ನಗರದಲ್ಲಿ ರೂಮು ಮಾಡಿಕೊಂಡಿದ್ದ ನಮ್ಮ ತಂಡದ ಹುಡುಗ ಬೈಕಿನಲ್ಲಿ ನನಗಿಂತ ಮೊದಲೇ ಬಂದು, ಒಂದು ಟೀ ಮುಗಿಸಿ ನಿಂತಿದ್ದ. ಗುಮಾಸ್ತರು ಉದ್ದನೆಯ ಕೆಂಪು ಬುಕ್ಕು ತೆರೆದು ತೂಕವನ್ನು ಪೆನ್ನಿನಲ್ಲಿ ಬರೆದುಕೊಳ್ಳುತ್ತಿದ್ದರು. ಯಂತ್ರ ಕೆಟ್ಟರೂ ವ್ಯಾಪಾರ ನಿಂತಿರಲಿಲ್ಲ.

ಇಂಥ ಹೊತ್ತಿನಲ್ಲಿ ಪೆನ್ನು ಹಿಡಿಯುವವರು ಮಂಡಿಯವರು ಮಾತ್ರ ಎಂದುಕೊಳ್ಳಬೇಡಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಳಿಸಿದ ಒಂದು ಸಣ್ಣ ಕಾನ್ಫಿಗ್ ಫೈಲಿನಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಕುಳಿತವು. ಪ್ರೋಗ್ರಾಂ 21ನೇ ಮಾಹಿತಿಗಾಗಿ ಕೈಚಾಚಿತು, ಅದಕ್ಕೆ ಕೊಟ್ಟಿದ್ದುದು 20 ಮಾತ್ರ. ಆ ದಿನ ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು.

ಡಬ್ಬಕ್ಕೆ ಲ್ಯಾಪ್‌ಟಾಪ್ ಜೋಡಿಸಿ ಒಳಹೊಕ್ಕೆವು. ಲಿನಕ್ಸ್ ಕಂಪ್ಯೂಟರಿನಲ್ಲಿ ಹೀಗೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮುಗಳನ್ನು ಎಬ್ಬಿಸುವ, ಮಲಗಿಸುವ ಮೇಸ್ತ್ರಿಗೆ ಸಿಸ್ಟಮ್‌ಡಿ ಎಂದು ಹೆಸರು. 2010ರಲ್ಲಿ ಬಂದದ್ದು, ಈಗ ಹೆಚ್ಚುಕಡಿಮೆ ಎಲ್ಲ ಲಿನಕ್ಸ್‌ಗಳಲ್ಲೂ ಇದೆ. ಅದು ದಿನಚರಿಯನ್ನೂ ಬರೆದಿಡುತ್ತದೆ. ದಿನಚರಿಯ ಕೊನೆಯ ಸಾಲು ತೆಗೆದು ಹುಡುಗ ಓದಿದ: "ಪದೇ ಪದೇ, ತೀರಾ ಬೇಗ ಬೇಗ ಎಬ್ಬಿಸಲು ಕೇಳಿದ್ದರಿಂದ ನಿಲ್ಲಿಸಲಾಗಿದೆ."

"ಸಾರ್, ಬೇಗ ಬೇಗ ರೀಸ್ಟಾರ್ಟ್ ಆಗ್ತಿದೆಯಂತೆ. ಆ ಲಿಮಿಟ್ ಜಾಸ್ತಿ ಮಾಡ್ಬಿಡ್ಲಾ?"

ಈ ಕಸುಬಿನಲ್ಲಿ ಎಲ್ಲರೂ ಒಮ್ಮೆ ಬೀಳುವ ಹಳ್ಳ ಇದು. ಹಾಗೆಂದು ಹೇಳಿಟ್ಟಿದ್ದರೆ, ಸತ್ತ ಪ್ರೋಗ್ರಾಮನ್ನು ಸಿಸ್ಟಮ್‌ಡಿ ಮತ್ತೆ ಎಬ್ಬಿಸುತ್ತದೆ, ಆದರೆ 10 ಸೆಕೆಂಡಿನೊಳಗೆ 5 ಸಲ ಎಬ್ಬಿಸಿದರೂ ಬಿದ್ದರೆ ಕೈಬಿಡುತ್ತದೆ. ನಾವಾಗಿ ಬದಲಿಸದಿದ್ದರೆ ಲೆಕ್ಕ ಇಷ್ಟೇ. ಹಾಗೆ ಕೈಬಿಟ್ಟಾಗ ಬರೆಯುವ ಸಾಲೇ ಆ ಕೊನೆಯ ಸಾಲು. ಐದು ಸಲ ಬಾಗಿಲು ಬಡಿದೆ, ಯಾರೂ ತೆಗೆಯಲಿಲ್ಲ, ವಾಪಸ್ ಹೋಗುತ್ತಿದ್ದೇನೆ ಎಂದು ಪೋಸ್ಟ್‌ಮ್ಯಾನ್ ಚೀಟಿ ಸಿಕ್ಕಿಸಿ ಹೋದಂತೆ. ಮನೆಯವರಿಗೆ ಏನಾಗಿದೆ ಎಂಬುದು ಆ ಚೀಟಿಯಲ್ಲಿ ಇರುವುದಿಲ್ಲ. ದಿನಚರಿಯನ್ನು ಕೆಳಗಿನಿಂದ ಮೇಲಕ್ಕೆ ಏರುತ್ತ ಓದಬೇಕು, ಮೊದಲ ಸಲ ಬಿದ್ದ ಜಾಗ ಸಿಗುವ ತನಕ. ನಡುವೆ ನಮ್ಮನ್ನು ಇನ್ನೂ ಒಂದು ವಿಷಯ ಗಲಿಬಿಲಿ ಮಾಡಿತು: ದಿನಚರಿಯಲ್ಲಿ ಇವತ್ತಿನ ಬೆಳಗಿನ ಸಾಲುಗಳ ಮೇಲೆ ನಿನ್ನೆ ರಾತ್ರಿಯ ಸಮಯ. ನಮ್ಮಲ್ಲಿದ್ದ ಹಳೆಯ ಮಾದರಿಯ ರಾಸ್ಪ್‌ಬೆರಿ ಪೈಗೆ ತನ್ನದೇ ಬ್ಯಾಟರಿ ಗಡಿಯಾರ ಇಲ್ಲ. ನೆಟ್ ಸಿಕ್ಕಿ ಯಾರಾದರೂ ಗಂಟೆ ಎಷ್ಟೆಂದು ಹೇಳುವ ತನಕ ಅದು ಕರೆಂಟು ಹೋದ ಗಳಿಗೆಯ ಆಸುಪಾಸಿನಲ್ಲೇ ಬದುಕಿರುತ್ತದೆ.

ಇಪ್ಪತ್ತು ಸಾಲು ಮೇಲೇರಿದಾಗ ಸಿಕ್ಕಿತು. ಸರ್ವರ್ ವಿಳಾಸ ಕೊಟ್ಟಿಲ್ಲ, ಕೀ ಕೊಟ್ಟಿಲ್ಲ, ಹೊರಡಲಾರೆ ಎಂದು ನಮ್ಮ ಪ್ರೋಗ್ರಾಮೇ ಸ್ಪಷ್ಟವಾಗಿ ಹೇಳಿ ಪ್ರಾಣ ಬಿಟ್ಟಿತ್ತು. ಬಿಡುವಾಗ 78 ಎಂಬ ಸಂಖ್ಯೆಯನ್ನೂ ಒಪ್ಪಿಸಿತ್ತು. ಈ 78ಕ್ಕೆ ಒಂದು ವಂಶಾವಳಿ ಇದೆ. ಪ್ರೋಗ್ರಾಂ ಸಾಯುವಾಗ ಒಂದು ಸಂಖ್ಯೆ ಹೇಳಿ ಸಾಯುವುದು ಯುನಿಕ್ಸ್ ಪದ್ಧತಿ. ಸೊನ್ನೆ ಎಂದರೆ ಸುಖಮರಣ. ಬೇರೆ ಸಂಖ್ಯೆಗಳಿಗೆ ಯಾರು ಏನು ಬೇಕಾದರೂ ಅರ್ಥ ಕೊಡುತ್ತಿದ್ದಾಗ, ಬರ್ಕ್ಲಿ ವಿಶ್ವವಿದ್ಯಾಲಯದ ಯುನಿಕ್ಸ್‌ನವರು 64ರಿಂದ 78ರವರೆಗೆ ಒಂದು ಪಟ್ಟಿ ಮಾಡಿ ಒಂದೊಂದಕ್ಕೂ ಒಂದೊಂದು ಕಾರಣ ಗೊತ್ತುಮಾಡಿದರು. ಆ ಪಟ್ಟಿಯ ಕಟ್ಟಕಡೆಯ ಸಂಖ್ಯೆ 78: ಕಾನ್ಫಿಗ್ ಸರಿಯಿಲ್ಲ. ಈ ಪಟ್ಟಿಯನ್ನು ಪಾಲಿಸುವವರು ಈಗ ಕಡಿಮೆ, ಎಲ್ಲದಕ್ಕೂ 1 ಎಂದು ಹೇಳಿ ಕೈತೊಳೆದುಕೊಳ್ಳುವವರೇ ಹೆಚ್ಚು. ನಮ್ಮ ಪ್ರೋಗ್ರಾಮಿನಲ್ಲಿ 78 ಬರೆದ ಪುಣ್ಯಾತ್ಮ ಯಾರೋ, ಅವನಿಗೆ ಮನಸ್ಸಿನಲ್ಲೇ ಕೈಮುಗಿದೆ. ಮತ್ತೆ ಎಬ್ಬಿಸಿ ಪ್ರಯೋಜನವಿಲ್ಲ, ಯಾರಾದರೂ ಬಂದು ಬರೆದುಕೊಡಬೇಕು ಎಂಬ ಎರಡು ಮಾತು ಆ ಒಂದು ಸಂಖ್ಯೆಯಲ್ಲಿದೆ.

ಗುಮಾಸ್ತರು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಬಂದರು. "ಗೊತ್ತಾಯ್ತಾ?"

"ವಿಳಾಸ ಮರ್ತೋಗಿದೆ ಅಣ್ಣೋರೆ ಇದಕ್ಕೆ."

"ನಿನ್ನೆ ತಂಕ ಗೊತ್ತಿತ್ತಲ್ಲ?"

ಅದೇ ಪ್ರಶ್ನೆ. ನಿನ್ನೆ ತನಕ ಗೊತ್ತಿದ್ದದ್ದು ಇವತ್ತು ಹೇಗೆ ಮರೆಯಿತು?

ಸಿಸ್ಟಮ್‌ಡಿಯನ್ನು ಪಕ್ಕಕ್ಕಿಟ್ಟು ಅದೇ ಪ್ರೋಗ್ರಾಮನ್ನು ಕೈಯಲ್ಲೇ ಟೈಪ್ ಮಾಡಿ ಓಡಿಸಿದೆ. ಓಡಿತು! ಮೂಟೆ ಏರಿತು, ಅಂಕಿ ಹೋಯಿತು. ಗುಮಾಸ್ತರು ಲ್ಯಾಪ್‌ಟಾಪ್ ಇಣುಕಿ ನೋಡಿ "ಬಂತು ಬಂತು" ಎಂದರು, ಹುಡುಗ ಬೈಕಿನ ಕೀ ಕೈಗೆತ್ತಿಕೊಂಡ. ಕೈಯಲ್ಲಿ ಓಡಿಸಿದರೆ ಓಡುತ್ತದೆ, ಸರ್ವಿಸ್ ಆಗಿ ಓಡುವುದಿಲ್ಲ. ಹೆಬ್ಬಾಳದಿಂದ ಯಲಹಂಕದ ತನಕ ಯಾವ ಸಾಫ್ಟ್‌ವೇರ್ ಆಫೀಸಿಗೆ ಹೋದರೂ ಈ ದೂರು ಕೇಳುತ್ತೀರಿ. ಕಾರಣ ಸರಳ. ನಾವು ಲಾಗಿನ್ ಆದಾಗ ನಮ್ಮ ಖಾತೆಯ ಸೆಟ್ಟಿಂಗುಗಳೆಲ್ಲ ನಮ್ಮ ಜೊತೆ ಬರುತ್ತವೆ. ಸಿಸ್ಟಮ್‌ಡಿ ಎಬ್ಬಿಸಿದ ಪ್ರೋಗ್ರಾಂ ಬರಿಗೈಯಲ್ಲಿ ಏಳುತ್ತದೆ. ಅದಕ್ಕೆ ಏನು ಬೇಕೋ ಅದನ್ನು ಪ್ರತ್ಯೇಕವಾಗಿ ಕೊಡಬೇಕು.

ಹಾಗಾದರೆ ನನ್ನ ಕೈಯಲ್ಲಿ ಓಡಿದ್ದು ಯಾವ ವಿಳಾಸ ಹಿಡಿದು? ನೋಡಿದರೆ ಎದೆ ಧಸಕ್ಕೆಂದಿತು. ಡಬ್ಬ ಕೂರಿಸಿದ ದಿನ ಪರೀಕ್ಷೆಗೆಂದು ಯಾರೋ ಆ ಖಾತೆಯಲ್ಲಿ ಟೆಸ್ಟ್ ಸರ್ವರ್‌ನ ವಿಳಾಸ, ಕೀ ಎರಡನ್ನೂ ಬರೆದಿಟ್ಟು ಅಳಿಸದೆ ಹೋಗಿದ್ದರು. ಈಗ ಏರಿದ ಮೂಟೆಯ ತೂಕ ಹೋಗಿ ಬಿದ್ದದ್ದು ಅಲ್ಲಿ, ಯಾರೂ ನೋಡದ ಒಂದು ಕಸದಬುಟ್ಟಿಯಲ್ಲಿ. ತಕ್ಷಣ ನಿಲ್ಲಿಸಿದೆ. "ಓಡ್ತಿತ್ತಲ್ಲ, ಯಾಕ್ ನಿಲ್ಸಿದ್ರಿ?" ಎಂದು ಗುಮಾಸ್ತರಿಗೆ ಸಿಟ್ಟು.

ಗೇಟ್‌ವೇ ಏಳದಿರುವುದು ರೋಗವಲ್ಲ. ವಿಳಾಸ ಗೊತ್ತಿಲ್ಲದೆ ಹೊರಡುವುದಿಲ್ಲ ಎಂದು ಹಟ ಹಿಡಿದ ಗೇಟ್‌ವೇ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. ಭಯ ಪಡಬೇಕಾದದ್ದು ಖಾಲಿ ಚೀಟಿ ಹಿಡಿದೂ ಹಸಿರು ದೀಪ ಹಾಕಿಕೊಂಡು ಓಡುವ ಪ್ರೋಗ್ರಾಮಿಗೆ. 2015ರ ಜನವರಿಯಲ್ಲಿ ಲಿನಕ್ಸ್‌ನಲ್ಲಿ ಸ್ಟೀಮ್ ಎಂಬ ಗೇಮಿಂಗ್ ತಂತ್ರಾಂಶ ಬಳಸುತ್ತಿದ್ದ ಕೆಲವರಿಗೆ ಇದು ಮರೆಯಲಾಗದ ಪಾಠವಾಯಿತು. ಆ ತಂತ್ರಾಂಶದ ಒಂದು ಸ್ಕ್ರಿಪ್ಟಿನಲ್ಲಿ, ಸ್ಟೀಮ್ ಇರುವ ಫೋಲ್ಡರಿನ ಹೆಸರು, ಅದರ ಮುಂದೊಂದು ಓರೆಗೆರೆ, ಅದರೊಳಗಿರುವುದನ್ನೆಲ್ಲ ಅಳಿಸು ಎಂಬ ಆಜ್ಞೆಯಿತ್ತು. ಬಳಕೆದಾರ ಫೋಲ್ಡರನ್ನು ಬೇರೆಡೆಗೆ ಸರಿಸಿದ್ದರಿಂದ ಹೆಸರಿನ ಜಾಗ ಖಾಲಿಯಾಯಿತು. ಖಾಲಿ ಹೆಸರು, ಓರೆಗೆರೆ, ಎಲ್ಲ ಅಳಿಸು. ಲಿನಕ್ಸ್‌ನಲ್ಲಿ ಬರೀ ಓರೆಗೆರೆ ಎಂದರೆ ಇಡೀ ಕಂಪ್ಯೂಟರಿನ ಬೇರು. ಬಳಕೆದಾರನಿಗೆ ಸೇರಿದ ಕಡತಗಳೆಲ್ಲ ಹೋದವು, ಸಿಕ್ಕಿಸಿಟ್ಟಿದ್ದ ಹೊರಗಿನ ಡಿಸ್ಕಿನಲ್ಲಿದ್ದದ್ದೂ ಹೋಯಿತು. ಆ ಸಾಲಿನ ಮೇಲೆ ಬರೆದವರೇ 'ಭಯಾನಕ!' ಎಂದು ಟಿಪ್ಪಣಿ ಹಾಕಿದ್ದರು. ಗೊತ್ತಿತ್ತು ಅವರಿಗೆ! ಹೆಸರು ಖಾಲಿಯಿದ್ದರೆ ನಿಲ್ಲು ಎಂದು ಆ ಸ್ಕ್ರಿಪ್ಟ್ ಬರೆದ ಶೆಲ್ ಭಾಷೆಯಲ್ಲಿ ಹೇಳಲು ಒಂದು ವಿವರಣಚಿಹ್ನೆ, ಒಂದು ಪ್ರಶ್ನಾರ್ಥಕ ಚಿಹ್ನೆ ಸಾಕು. ಎರಡು ಅಕ್ಷರ.

ನಮ್ಮ ಡಬ್ಬಕ್ಕೆ ಬರೋಣ. ಸಿಸ್ಟಮ್‌ಡಿಗೆ ನಮ್ಮ ಗೇಟ್‌ವೇ ಬಗ್ಗೆ ಹೇಳಿಕೊಟ್ಟ ಕಡತ ತೆರೆದೆ. ಹತ್ತು ಹನ್ನೆರಡು ಸಾಲಿನದು. ಅದರಲ್ಲಿ ಒಂದು ಸಾಲು, ಕಾನ್ಫಿಗ್ ಕಡತ ಎಲ್ಲಿದೆ ಎಂದು ಹೇಳುವಂಥದ್ದು. ಸಮ ಚಿಹ್ನೆ, ಅದರ ಪಕ್ಕ ಒಂದು ಸಣ್ಣ ಅಡ್ಡಗೆರೆ, ಆಮೇಲೆ ಕಡತದ ದಾರಿ. ಆ ಅಡ್ಡಗೆರೆಯನ್ನು ನಾನು ಮೂರು ಸಲ ನೋಡಿಯೂ ನೋಡಿರಲಿಲ್ಲ. ತೆರೆಯ ಮೇಲಿನ ಧೂಳೇನೋ ಎಂಬಷ್ಟು ಚಿಕ್ಕದು. ಸಿಸ್ಟಮ್‌ಡಿಯಲ್ಲಿ ಆ ಜಾಗದ ಅಡ್ಡಗೆರೆಗೆ ಅರ್ಥವಿದೆ: ಈ ಕಡತ ಇದ್ದರೆ ಓದು, ಇಲ್ಲದಿದ್ದರೆ ಸುಮ್ಮನಿರು, ದೂರು ಹೇಳಬೇಡ. ಅಡ್ಡಗೆರೆ ಇಲ್ಲದಿದ್ದರೆ, ಕಡತ ಸಿಗದಾಗ ಸಿಸ್ಟಮ್‌ಡಿ ಕಾನ್ಫಿಗ್ ಕಡತ ಓದಲಾಗಲಿಲ್ಲ ಎಂದು ಕೂಗುತ್ತಿತ್ತು, ನಾವು ಮೊದಲ ನಿಮಿಷದಲ್ಲೇ ಹಿಡಿಯುತ್ತಿದ್ದೆವು. ಅಡ್ಡಗೆರೆ ಇದ್ದುದರಿಂದ ಅದು ಶಿಸ್ತಾಗಿ ಬಾಯಿ ಮುಚ್ಚಿಕೊಂಡು ಪ್ರೋಗ್ರಾಮನ್ನು ಬರಿಗೈಯಲ್ಲಿ ಕಳಿಸಿಕೊಟ್ಟಿತ್ತು.

ಕಡತದ ದಾರಿ ನೋಡಿದಾಗ ಉಳಿದರ್ಧವೂ ತಿಳಿಯಿತು. ಅದು ಇರಬೇಕಾದದ್ದು 'ರನ್' ಎಂಬ ಫೋಲ್ಡರಿನಲ್ಲಿ. ಲಿನಕ್ಸ್‌ನಲ್ಲಿ ರನ್ ಎಂಬುದು ಡಿಸ್ಕಿನಲ್ಲಿ ಇರುವುದೇ ಇಲ್ಲ, ಅದು ಮೆಮೊರಿಯೊಳಗಿನ ಜಾಗ. ಕರೆಂಟ್ ಇರುವಷ್ಟು ಕಾಲ ಇರುತ್ತದೆ, ಹೋದರೆ ಸ್ಲೇಟು ಒರೆಸಿದಂತೆ. ಡಬ್ಬಕ್ಕೆ ಯುಪಿಎಸ್ ಇತ್ತು, ಹಾಗಾಗಿ ಏಳು ತಿಂಗಳಿಂದ ಅದು ಒಮ್ಮೆಯೂ ಮಲಗಿರಲಿಲ್ಲ. ಆ ರಾತ್ರಿ ಯುಪಿಎಸ್ ಬ್ಯಾಟರಿ ಕೈಕೊಟ್ಟಿತು, ಅಷ್ಟೇ. ಏಳು ತಿಂಗಳು ಸತತವಾಗಿ ಓಡಿದೆ ಎಂದು ನಾವು ಗ್ರಾಹಕರ ಮುಂದೆ ಹೆಮ್ಮೆಯಿಂದ ಹೇಳಿಕೊಂಡದ್ದುಂಟು. ಏಳು ತಿಂಗಳಿಂದ ಮಲಗಿ ಎದ್ದೇ ಇಲ್ಲ, ಮಲಗಿದರೆ ಏಳುತ್ತದೆಯೇ ಗೊತ್ತಿಲ್ಲ ಎಂಬುದು ಅದೇ ಮಾತಿನ ಇನ್ನೊಂದು ಮುಖ.

ಎಲ್ಲಿ ಬರೆಯಬೇಕು ಎಂಬ ವಿವೇಕ ಈ ಸೀಮೆಯವರಿಗೆ ಹೊಸದಲ್ಲ. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಸುಮಾರು ಕ್ರಿ.ಶ. 750ರದ್ದು, ಗಂಗರ ಶ್ರೀಪುರುಷನ ಕಾಲದ್ದು. ಊರಿಗಾಗಿ ಹೋರಾಡಿ ಸತ್ತವನ ಹೆಸರು, ನಾಡಿನ ಹೆಸರು ಎಲ್ಲ ಅದರಲ್ಲಿದೆ. ಇವತ್ತಿಗೂ ಓದಬಹುದು. ಅದನ್ನು ಕೆತ್ತಿಸಿದವರು ಮೆಮೊರಿಯಲ್ಲಿ ಇಡಲಿಲ್ಲ.

ಕಾನ್ಫಿಗ್ ಕಡತವನ್ನು ರನ್ ಫೋಲ್ಡರಿನಲ್ಲಿ ಇಟ್ಟವನಿಗೆ ಫೋನ್ ಮಾಡಿದೆ. ಈಗ ಅವನು ಬೇರೆ ಕಂಪನಿ, ಬೇರೆ ಊರು. ನಿದ್ದೆಗಣ್ಣಲ್ಲೇ ಎತ್ತಿಕೊಂಡ.

"ಅಯ್ಯೋ, ಅದಿನ್ನೂ ಹಂಗೇ ಇದೆಯಾ? ಕೀನ ಎಸ್‌ಡಿ ಕಾರ್ಡ್‌ನಲ್ಲಿ ಬರೆದ್ರೆ ಯಾರಾದ್ರೂ ಕಾರ್ಡ್ ಎತ್ಕೊಂಡು ಹೋದ್ರೆ ಅಂತ ಮೆಮೊರೀಲಿ ಇಟ್ಟಿದ್ದೆ. ಬೂಟ್ ಆದಾಗೆಲ್ಲ ಸರ್ವರ್‌ನಿಂದ ತಂದ್ಕೊಳ್ಳೋ ಸ್ಕ್ರಿಪ್ಟ್ ಬರೀಬೇಕಿತ್ತು. ಅಷ್ಟರಲ್ಲಿ ಬೇರೆ ಕೆಲಸ ಬಂತು."

ಅವನನ್ನು ಬೈಯಲು ಬಾಯಿ ಬರಲಿಲ್ಲ. ಮಾಡಹೊರಟದ್ದು ಒಳ್ಳೆಯ ಕೆಲಸವೇ, ಅರ್ಧ ಮಾಡಿದ್ದ. ಸ್ಕ್ರಿಪ್ಟ್ ಬರುವ ತನಕ ದೂರು ಬರದಿರಲಿ ಎಂದು ಅಡ್ಡಗೆರೆ ಹಾಕಿದ್ದ. ತಾತ್ಕಾಲಿಕ ಎಂದು ಹಾಕಿದ ಅಡ್ಡಗೆರೆ ಅವನ ರಾಜೀನಾಮೆಯ ಆಚೆಗೂ ಬದುಕಿತು.

ಇಂಥ ಖಾಲಿ ಚೀಟಿ ಎಷ್ಟು ದೊಡ್ಡವರನ್ನು ಕೆಡವಬಲ್ಲದು ಎಂಬುದಕ್ಕೆ 2025ರ ಜೂನ್ 12ರ ರಾತ್ರಿ ಸಾಕ್ಷಿ. ನಮ್ಮ ಗಡಿಯಾರದಲ್ಲಿ 11 ಗಂಟೆ ದಾಟಿದ ಹೊತ್ತು. ಗೂಗಲ್ ಕ್ಲೌಡ್‌ಗೆ ಬರುವ ಪ್ರತಿ ಕೋರಿಕೆಯನ್ನೂ ತಡೆದು, ನಿನಗೆ ಅನುಮತಿ ಇದೆಯೇ, ನಿನ್ನ ಪಾಲಿನ ಕೋಟಾ ಮುಗಿದಿಲ್ಲವಷ್ಟೇ ಎಂದು ವಿಚಾರಿಸುವ ಸರ್ವಿಸ್ ಕಂಟ್ರೋಲ್ ಎಂಬ ವ್ಯವಸ್ಥೆಯಿದೆ. ಅವರ ಹೆಬ್ಬಾಗಿಲ ಕಾವಲಿನವನು ಅದೇ. ಮೇ 29ರಂದು ಅದಕ್ಕೊಂದು ಹೊಸ ಕೋಟಾ ತಪಾಸಣೆ ಸೇರಿಸಿದ್ದರು. ಎರಡು ವಾರ ಅದು ಯಾರ ಗಮನಕ್ಕೂ ಬರಲಿಲ್ಲ, ಏಕೆಂದರೆ ಅದನ್ನು ಎಬ್ಬಿಸುವಂಥ ನೀತಿ ಯಾವುದೂ ಬಂದಿರಲಿಲ್ಲ. ಜೂನ್ 12ರಂದು ಬಂದ ಒಂದು ನೀತಿಯಲ್ಲಿ ಕೆಲವು ಖಾನೆಗಳು ಖಾಲಿ ಇದ್ದವು. ಖಾಲಿ ಖಾನೆ ಕಂಡರೆ ಏನು ಮಾಡಬೇಕೆಂದು ಹೊಸ ತುಣುಕಿಗೆ ಯಾರೂ ಹೇಳಿರಲಿಲ್ಲ. ಬಿದ್ದಿತು, ಎದ್ದಿತು, ಅದೇ ಖಾಲಿ ಖಾನೆಯನ್ನು ಮತ್ತೆ ಓದಿ ಮತ್ತೆ ಬಿದ್ದಿತು. ನೀತಿ ಕೆಲವೇ ಸೆಕೆಂಡಿನಲ್ಲಿ ಜಗತ್ತಿನಾದ್ಯಂತ ನಕಲಾಗಿದ್ದರಿಂದ ಎಲ್ಲ ಪ್ರದೇಶಗಳ ಕಾವಲಿನವರೂ ಒಟ್ಟಿಗೇ ಮೂರ್ಛೆ ಹೋದರು. ಸ್ಪಾಟಿಫೈ, ಡಿಸ್ಕಾರ್ಡ್ ಮುಂತಾದ ಹೊರಗಿನ ಸೇವೆಗಳೂ ತತ್ತರಿಸಿದವು.

ಗೂಗಲ್ ಎಂಜಿನಿಯರುಗಳು ಹತ್ತು ನಿಮಿಷದಲ್ಲಿ ಕಾರಣ ಹಿಡಿದರು. ಸುಮಾರು 40 ನಿಮಿಷದಲ್ಲಿ ಆ ತಪಾಸಣೆಯನ್ನು ಎಲ್ಲೆಡೆ ಬಂದ್ ಮಾಡಿದರು. ಆದರೂ ಅಮೆರಿಕದ ನಡುಭಾಗದ ದೊಡ್ಡ ಕೇಂದ್ರವೊಂದು ಚೇತರಿಸಿಕೊಳ್ಳಲು ಎರಡು ಗಂಟೆ 40 ನಿಮಿಷದಷ್ಟು ಹಿಡಿಯಿತು. ಸಾವಿರಾರು ಕಾವಲಿನವರು ಒಂದೇ ಗಳಿಗೆಯಲ್ಲಿ ಎದ್ದು, ಒಂದೇ ಕೋಣೆಗೆ ನುಗ್ಗಿ ತಮ್ಮ ತಮ್ಮ ಚೀಟಿ ಕೇಳಿದ್ದರಿಂದ ಆ ಕೋಣೆಯೇ ಕುಸಿಯಿತು. ಮೇಖ್ರಿ ಸರ್ಕಲ್ಲಿನಲ್ಲಿ ಸಿಗ್ನಲ್ ಕೆಟ್ಟು ಸರಿಹೋದ ಕ್ಷಣ ನೆನಪಿಸಿಕೊಳ್ಳಿ, ದೀಪ ಹಸಿರಾದರೂ ಗಂಟು ಬಿಡುವುದಿಲ್ಲ. ಬಿದ್ದದ್ದನ್ನು ಎಬ್ಬಿಸುವಾಗ ಪ್ರತಿ ಸಲವೂ ಮೊದಲಿಗಿಂತ ಹೆಚ್ಚು ಕಾಯಬೇಕು ಎಂಬ ನಿಯಮ ಇರುವುದು ಇದಕ್ಕೇ. ಕುಬರ್ನೆಟೀಸ್ ಎಂಬ ಮೇಸ್ತ್ರಿ 10 ಸೆಕೆಂಡು, 20, 40 ಎಂದು ದುಪ್ಪಟ್ಟು ಮಾಡುತ್ತ ಕೊನೆಗೆ 5 ನಿಮಿಷಕ್ಕೊಮ್ಮೆ ಎಬ್ಬಿಸುತ್ತದೆ. ನಮ್ಮ ಹುಡುಗ ಆ ಲಿಮಿಟ್ ಜಾಸ್ತಿ ಮಾಡಲೇ ಎಂದಾಗ ಬೇಡ ಎಂದದ್ದೂ ಇದಕ್ಕೇ.

ಡಬ್ಬ ಎಬ್ಬಿಸಲು ಬೇಕಾದದ್ದು ಒಂದು ನಿಮಿಷ. ಕೀ ಹೊಂದಿಸಲು ಹಿಡಿದದ್ದು 40 ನಿಮಿಷ. ಹಳೆಯ ಕೀ ಮೆಮೊರಿಯ ಜೊತೆಗೇ ಹೋಗಿತ್ತು, ಬೇರೆಲ್ಲೂ ನಕಲಿರಲಿಲ್ಲ. ಹೊಸದನ್ನು ಕೊಡಿಸಬೇಕಾದವರ ಫೋನ್ ಸೈಲೆಂಟಿನಲ್ಲಿತ್ತು. ಅವರ ಮನೆಯವರಿಗೆ ಫೋನ್ ಮಾಡಿ, ಅವರನ್ನು ಎಬ್ಬಿಸಿ, ಅವರಿಗೆ ಒಟಿಪಿ ಬಂದು, ಅದು ತಪ್ಪಾಗಿ, ಮತ್ತೊಂದು ಬಂದು. ಈ ಹೊತ್ತಿನಲ್ಲಿ ಹುಡುಗ ಒಂದು ಸಲಹೆ ಕೊಟ್ಟ. ವಿಳಾಸ ಇಲ್ಲದಿದ್ದಾಗ ಟೆಸ್ಟ್ ಸರ್ವರ್‌ನ ವಿಳಾಸವನ್ನೇ ಬಳಸಿಕೊಳ್ಳುವಂತೆ ಪ್ರೋಗ್ರಾಮಿನಲ್ಲೇ ಬರೆದುಬಿಟ್ಟರೆ ಇನ್ನು ಮುಂದೆ ಹೀಗೆ ನಿಲ್ಲುವುದಿಲ್ಲವಲ್ಲ?

"ಅರ್ಧ ಗಂಟೆ ಮುಂಚೆ ನನ್ ಕೈಯಲ್ಲಿ ಓಡಿದ್ದು ಅದೇ ತಾನೇ?" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದಲ್ವಾ" ಎಂದ.

ಯಾರೂ ಹೇಳದಿದ್ದಾಗ ಪ್ರೋಗ್ರಾಂ ತಾನಾಗಿ ಬಳಸುವ ಡೀಫಾಲ್ಟ್ ಮೌಲ್ಯಗಳು ಪೂರ್ತಿ ಬೇಡವೆಂದಲ್ಲ. ಎಷ್ಟು ಸೆಕೆಂಡು ಕಾಯಬೇಕು, ಒಮ್ಮೆಗೆ ಎಷ್ಟು ಸಾಲು ಕಳಿಸಬೇಕು ಎಂಬುದಕ್ಕೆಲ್ಲ ಇರಲಿ. ಎಲ್ಲಿಗೆ, ಯಾರ ಹೆಸರಲ್ಲಿ ಎಂಬ ಎರಡಕ್ಕೆ ಊಹೆ ಸಲ್ಲದು ಎಂಬುದು ನನ್ನ ಹಟ. ಮತ್ತೆ, ಕಾನ್ಫಿಗ್ ಇಲ್ಲ ಎಂಬುದು ಯಾವಾಗಲೂ ಕಡತ ಇಲ್ಲ ಎಂದೇ ಆಗಬೇಕಿಲ್ಲ. ಕಡತ ಇರುತ್ತದೆ, ಓದಲು ಅನುಮತಿ ಇರುವುದಿಲ್ಲ. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿರುತ್ತದೆ. ವಿಂಡೋಸ್‌ನ ನೋಟ್‌ಪ್ಯಾಡಿನಲ್ಲಿ ಬರೆದವರಿದ್ದರೆ ಪ್ರತಿ ಸಾಲಿನ ಕೊನೆಗೂ ಕಣ್ಣಿಗೆ ಕಾಣದ ಒಂದು ಅಕ್ಷರ ಅಂಟಿಕೊಂಡು, ವಿಳಾಸ ನೋಡಲು ಸರಿಯಿದ್ದೂ ತಪ್ಪಾಗಿರುತ್ತದೆ. ಈ ಕೊನೆಯದಕ್ಕೆ ನಾನು ಹಿಂದೊಮ್ಮೆ ಒಂದಿಡೀ ಶನಿವಾರ ದಂಡ ಕಟ್ಟಿದ್ದೇನೆ.

ಅಂತೂ ಕೀ ಬಂತು. ಕಾನ್ಫಿಗ್ ಕಡತವನ್ನು ಈ ಸಲ ಡಿಸ್ಕಿನ ಮೇಲೇ, ಅಂದರೆ ಎಸ್‌ಡಿ ಕಾರ್ಡಿನಲ್ಲೇ, ಸೆಟ್ಟಿಂಗುಗಳಿಗೆಂದೇ ಇರುವ 'ಇಟಿಸಿ' ಫೋಲ್ಡರಿನಲ್ಲಿ ಬರೆದು, ರೂಟ್ ಎಂಬ ಯಜಮಾನ ಖಾತೆ ಬಿಟ್ಟು ಬೇರಾರೂ ಓದದಂತೆ ಮಾಡಿದೆ. ಎಸ್‌ಡಿ ಕಾರ್ಡ್ ಕದ್ದವನಿಗೆ ಕೀ ಸಿಗುತ್ತದೆ ಎಂಬ ಹಳೆಯ ಅಂಜಿಕೆ ಸುಳ್ಳಲ್ಲ. ಅದಕ್ಕೆ ಈ ಕೀಗೆ ಒಂದೇ ಅಧಿಕಾರ ಕೊಡಿಸಿದೆವು: ಈ ಒಂದು ಮಂಡಿಯ ತೂಕ ಕಳಿಸುವುದು, ಬೇರೇನೂ ಇಲ್ಲ. ಕದ್ದರೆ ಆ ಒಂದನ್ನು ರದ್ದು ಮಾಡಿದರಾಯಿತು. ಸಿಸ್ಟಮ್‌ಡಿಯ ಕಡತದಲ್ಲಿ ದಾರಿ ಬದಲಿಸಿದೆ. ಅಡ್ಡಗೆರೆಯ ಮೇಲೆ ಕರ್ಸರ್ ಇಟ್ಟು ಅಳಿಸಿದೆ. ಕಡತ ಮತ್ತೆ ಓದು ಎಂದು ಸಿಸ್ಟಮ್‌ಡಿಗೆ ಹೇಳಿ, ಐದು ಸಲ ಬಿದ್ದ ಹಳೆಯ ಲೆಕ್ಕ ಅಳಿಸಿ, ಎಬ್ಬಿಸಿದೆ. ಎದ್ದಿತು. ನನ್ನ ಖಾತೆಯಲ್ಲಿದ್ದ ಟೆಸ್ಟ್ ವಿಳಾಸ, ಕೀಯನ್ನೂ ಅಳಿಸಿದೆ.

"ಆಯ್ತಾ?" ಎಂದರು ಗುಮಾಸ್ತರು.

"ಇನ್ನೊಂದಿದೆ. ಪ್ಲಗ್ ಕಿತ್ತುಬಿಡಿ."

"ಏನಂದ್ರಿ?"

"ಪ್ಲಗ್ ಕೀಳಿ ಅಣ್ಣೋರೆ. ಕರೆಂಟ್ ಹೋದ್ರೂ ಏಳುತ್ತಾ ನೋಡ್ಬೇಕು."

ಅವರು ನನ್ನನ್ನೂ ಡಬ್ಬವನ್ನೂ ನೋಡಿದರು. ಎರಡು ಗಂಟೆ ಒದ್ದಾಡಿ ಎಬ್ಬಿಸಿದ್ದನ್ನು ಮತ್ತೆ ಮಲಗಿಸುವುದೇ? ಕೊನೆಗೆ ಹುಡುಗನೇ ಕಿತ್ತ. ದೀಪ ಆರಿತು. ಹತ್ತೆಣಿಸಿ ಸಿಕ್ಕಿಸಿದ. ಕೆಂಪು ದೀಪ ಬಂತು, ಹಸಿರು ಮಿಟುಕತೊಡಗಿತು. ಮೂವರೂ ಅಂಗೈಯಗಲದ ಆ ಪ್ಲಾಸ್ಟಿಕ್ಕನ್ನು ನೋಡುತ್ತ ನಿಂತೆವು. ಮುಕ್ಕಾಲು ನಿಮಿಷದ ಮೇಲೆ ಹಮಾಲರೊಬ್ಬರು ಒಂದು ಮೂಟೆ ತಂದು ತೂಕದ ಯಂತ್ರದ ಮೇಲೆ ಇಳಿಸಿದರು. ಗುಮಾಸ್ತರ ಮೊಬೈಲಿನಲ್ಲಿ ಅಂಕಿ ಮೂಡಿತು: 48.3.

ಚಳ್ಳಕೆರೆ ಕಡೆಯಿಂದ ಮಾಲು ತಂದಿದ್ದ ರೈತರು ಅಲ್ಲಿಯ ತನಕ ಲಾರಿಗೆ ಒರಗಿ ನಿಂತಿದ್ದವರು ಹತ್ತಿರ ಬಂದು ಮೊಬೈಲ್ ಬಗ್ಗಿ ನೋಡಿದರು. ಆಮೇಲೆ ಕೆಂಪು ಬುಕ್ಕಿನ ಕಡೆ ನೋಡಿದರು.

"ಸಾಮಿ, ಇದ್ರಾಗೆ 48.3 ಅಂತ ಬಂತಲ್ಲ. ಬುಕ್ಕಿನಾಗೆ ಎಲ್ಲಾ 48, 51, 47 ಅಂತ ಸಾಪಾಗಿ ಬರ್ದೀರಿ. ಬೆಳಗ್ಗಿಂದ ಇಳಿದಾವಲ್ಲ 62 ಮೂಟೆ, ಅವುಕ್ಕೆ ಪಾಯಿಂಟ್ ಇರಲಿಲ್ವಾ?"

ಗುಮಾಸ್ತರು ಕಿವಿಯಿಂದ ಪೆನ್ನು ತೆಗೆದರು. ಮೊದಲ ಮೂಟೆಯನ್ನು ವಾಪಸ್ ತರುವಂತೆ ಹಮಾಲರಿಗೆ ಕೈಸನ್ನೆ ಮಾಡಿದರು.